ಅರ್ಧ ಮುಖದ ಪರೀಕ್ಷೆ

1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸೂನಿ ರೋಗಿಯೊಬ್ಬನ ದೇಹಕ್ಕೆ ಪ್ಯಾರಫಿನ್ ಚುಚ್ಚಿದ. ತಗ್ಗಾದ ಜಾಗ ತುಂಬಿಕೊಂಡಿತು. ಮುಖದ ಸುಕ್ಕು, ಕುಸಿದ ಮೂಗು ಎಲ್ಲಕ್ಕೂ ಅದೇ ಮದ್ದಾಯಿತು. ವರ್ಷಗಳು ಕಳೆದಂತೆ ಚರ್ಮದಡಿ ಗಂಟುಗಳೆದ್ದವು, ಹುಣ್ಣುಗಳಾದವು. ಕರಗದ ವಸ್ತುವನ್ನು ಹೊರತೆಗೆಯುವುದೂ ಕಷ್ಟವಾಯಿತು. ಮೊದಲು ಪರೀಕ್ಷೆ, ಆಮೇಲೆ ಬಳಕೆ ಎಂಬ ಕ್ರಮ ಅಲ್ಲಿ ತಲೆಕೆಳಗಾಗಿತ್ತು.

ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವ ವಸ್ತುವಾದರೆ ಹೇಗೆ? 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ., ದನದ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಒಪ್ಪಿಗೆ ಕೊಟ್ಟಿತು. ಅದು ಬೇರೊಂದು ಪ್ರಾಣಿಯ ಪ್ರೋಟೀನು. ಆದ್ದರಿಂದ ಮೊದಲು ಮುಂಗೈಗೆ ತುಸು ಚುಚ್ಚಿ ನಾಲ್ಕು ವಾರ ಕಾಯಬೇಕಿತ್ತು. ನೂರಕ್ಕೆ ಸುಮಾರು ಮೂವರಲ್ಲಿ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತಿತ್ತು. ಅಂಥವರಿಗೆ ಚಿಕಿತ್ಸೆ ನಿಷಿದ್ಧ.

ಮುಂದೆ ಬಂದದ್ದು ಹಯಲುರಾನಿಕ್ ಆಮ್ಲದ ಲೋಳೆ. ಈ ಆಮ್ಲ ಮನುಷ್ಯನ ಚರ್ಮದಲ್ಲಿ ಸಹಜವಾಗಿಯೇ ಇದೆ. ಹಾಗೆಯೇ ಚುಚ್ಚಿದರೆ ಬೇಗ ಕರಗಿಹೋಗುತ್ತದೆ. ಅದಕ್ಕೇ ಅದರ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದು ತಿಂಗಳುಗಟ್ಟಲೆ ಉಳಿಯುವಂತೆ ಮಾಡುತ್ತಾರೆ.

ಇದು ಕೊಲಾಜೆನ್‌ಗಿಂತ ಮೇಲೆ? ಅಮೆರಿಕದಲ್ಲಿ 138 ಜನರ ಮೇಲೆ ಪರೀಕ್ಷೆ ನಡೆಯಿತು. ಮೂಗಿನ ಪಕ್ಕದಿಂದ ಬಾಯಿಯಂಚಿಗೆ ಇಳಿಯುವ ಗೆರೆಗೆ ಒಂದು ಬದಿಯಲ್ಲಿ ಹೊಸ ಲೋಳೆ, ಇನ್ನೊಂದು ಬದಿಯಲ್ಲಿ ಕೊಲಾಜೆನ್. ಯಾವ ಬದಿಗೆ ಯಾವುದೆಂದು ಚೀಟಿ ಎತ್ತಿದಂತೆ ನಿರ್ಧಾರ. ಗೆರೆಯ ಆಳಕ್ಕೆ ಅಂಕ ಕೊಡುವವರಿಗೆ ಗುಟ್ಟು ತಿಳಿಸುವಂತಿಲ್ಲ. ವಯಸ್ಸು, ಬಿಸಿಲು, ಆಹಾರ ಎರಡು ಕೆನ್ನೆಗೂ ಒಂದೇ. ಹಾಗಾಗಿ ವ್ಯತ್ಯಾಸ ಕಂಡರೆ ಅದು ಲೋಳೆಯದೇ. ಆರು ತಿಂಗಳ ನಂತರ ಶೇಕಡ 57 ಮಂದಿಯಲ್ಲಿ ಹೊಸ ಲೋಳೆ ಮೇಲಾಗಿತ್ತು, ಶೇಕಡ 10ಕ್ಕಿಂತ ಕಡಿಮೆ ಮಂದಿಯಲ್ಲಿ ಕೊಲಾಜೆನ್. ಉಳಿದವರಲ್ಲಿ ಎರಡೂ ಸಮ. 2003ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು.

ಪರೀಕ್ಷೆ ಇಲ್ಲಿಗೇ ಮುಗಿಯದು. ಹತ್ತು ಸಾವಿರದಲ್ಲಿ ಒಬ್ಬರಿಗೆ ಒದಗುವ ಅಪಾಯ 138 ಜನರಲ್ಲಿ ಕಾಣಿಸುವ ಸಂಭವ ನೂರಕ್ಕೆ ಒಂದೂವರೆಯೂ ಇಲ್ಲ. ಲಕ್ಷಾಂತರ ಜನ ಬಳಸಿದ ಮೇಲೆಯೇ ಅಂಥದ್ದು ಬಯಲಾಗುತ್ತದೆ. ಇಂಥ ಚುಚ್ಚುಮದ್ದು ಅಕಸ್ಮಾತ್ ರಕ್ತನಾಳಕ್ಕೆ ಸೇರಿದರೆ ಚರ್ಮ ಸಾಯಬಹುದು, ಕಣ್ಣು ಹೋಗಬಹುದು, ಪಾರ್ಶ್ವವಾಯು ಬಡಿಯಬಹುದು ಎಂದು ಎಫ್.ಡಿ.ಎ. 2015ರಲ್ಲಿ ಎಚ್ಚರಿಸಿತು. ಈ ಲೋಳೆಯನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವವಿದೆ. ಆದರೆ ಹೋದ ದೃಷ್ಟಿ ಮರಳುವುದು ಅಪರೂಪ. 22 ವರ್ಷ ತುಂಬದವರಿಗೆ ಎಫ್.ಡಿ.ಎ. ಒಪ್ಪಿಗೆಯೂ ಇಲ್ಲ.

ಕರಗುತ್ತದೆ ಎಂದ ಮಾತ್ರಕ್ಕೆ ನಿರಪಾಯವೆಂದಲ್ಲ. ‘ಸುರಕ್ಷಿತ’ ಎಂಬ ಜಾಹೀರಾತು ಕಂಡಾಗ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಜನರ ಮೇಲೆ? ಎಷ್ಟು ಕಾಲ? ಯಾವುದಕ್ಕೆ ಹೋಲಿಸಿ?