ಬಾಗಿಲ ಕೀಲಿ ಯಾರ ಕೈಯಲ್ಲಿ?

ನ್ಯೂಜಿಲೆಂಡ್ ಸರ್ಕಾರವು ವಿದೇಶಿ ಪ್ರವಾಸಿಗರ ಮೇಲೆ 2019ರಲ್ಲಿ ವಿಧಿಸಿದ್ದ 35 ನ್ಯೂಜಿಲೆಂಡ್ ಡಾಲರ್ ಶುಲ್ಕವನ್ನು 2024ರ ಅಕ್ಟೋಬರ್ 1ರಿಂದ 100 ಡಾಲರ್‌ಗೆ ಏರಿಸಿತು. ಟೊಂಗರಿರೊ, ಮಿಲ್‌ಫರ್ಡ್ ಸೌಂಡ್ ಸೇರಿದಂತೆ ನಾಲ್ಕು ಪ್ರಸಿದ್ಧ ತಾಣಗಳಲ್ಲಿ ವಿದೇಶಿಯರಿಂದ ಪ್ರತ್ಯೇಕ ಶುಲ್ಕ ಪಡೆಯುವ ಯೋಜನೆಯನ್ನು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಸುಮಾರು 50 ಲಕ್ಷ ಜನಸಂಖ್ಯೆಯ ಈ ದೇಶಕ್ಕೆ 2019ರಲ್ಲಿ ಬಂದ ವಿದೇಶಿಯರ ಸಂಖ್ಯೆ 39 ಲಕ್ಷಕ್ಕೆ ಸಮೀಪವಿತ್ತು. ಕಾಲುದಾರಿ, ಶೌಚಾಲಯ, ಕಸ ವಿಲೇವಾರಿಯ ಹೊರೆಯನ್ನು ಸ್ಥಳೀಯ ತೆರಿಗೆದಾರನೊಬ್ಬನೇ ಏಕೆ ಹೊರಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಶುಲ್ಕ ಎಷ್ಟು ಎಂಬ ಚರ್ಚೆಯ ಗದ್ದಲದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆ. ಅತಿಥಿಗೆ ಬಾಗಿಲು ತೆರೆಯುವ, ಬೇಕೆನಿಸಿದಾಗ ಮುಚ್ಚುವ ಅಧಿಕಾರ ಯಾರದು?

ಈ ಪ್ರಶ್ನೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತರವೇರ ಪರ್ವತದ ಬಳಿಯ ಗುಲಾಬಿ ಹಾಗೂ ಬಿಳಿ ಸಿಲಿಕಾ ಸೋಪಾನಗಳನ್ನು ನೋಡಲು ಯುರೋಪಿನಿಂದ ಜನ ಬರುತ್ತಿದ್ದರು. ಅವರನ್ನು ಕರೆದೊಯ್ಯುವ ದೋಣಿ, ದಾರಿ ತೋರುವ ಮಾರ್ಗದರ್ಶಿ, ಛಾಯಾಚಿತ್ರಕ್ಕೆ ನಿಗದಿಪಡಿಸಿದ ದರ ಎಲ್ಲವೂ ಅಲ್ಲಿನ ಮಾವೋರಿ ತೂಹೋರಂಗಿ ಸಮುದಾಯದ್ದೇ. ತೆ ವೈರೋವ ಗ್ರಾಮದ ಹಿನೆಮಿಹಿ ಎಂಬ ಸಭಾಭವನದ ಕೆತ್ತನೆಗಳ ಕಣ್ಣಿಗೆ ಚಿಪ್ಪಿನ ಬದಲು ಚಿನ್ನದ ನಾಣ್ಯಗಳನ್ನು ಕೂರಿಸುವಷ್ಟು ಆ ವ್ಯವಹಾರ ಸಮೃದ್ಧವಾಗಿತ್ತು. 1886ರ ಜೂನ್ 10ರಂದು ತರವೇರ ಸ್ಫೋಟಿಸಿತು. ಸೋಪಾನಗಳು ಕಣ್ಮರೆಯಾದವು, ಸುಮಾರು 120 ಮಂದಿ ಸತ್ತರು. ಹಿನೆಮಿಹಿಯೊಳಗೆ ಆಶ್ರಯ ಪಡೆದವರು ಬದುಕುಳಿದರು. ಮುಂದೆ 1892ರಲ್ಲಿ ಗವರ್ನರ್ ಲಾರ್ಡ್ ಆನ್‌ಸ್ಲೋ ಆ ಭವನವನ್ನೇ 50 ಪೌಂಡ್‌ಗೆ ಖರೀದಿಸಿ, ಇಂಗ್ಲೆಂಡಿನ ತನ್ನ ಎಸ್ಟೇಟಿನ ಉದ್ಯಾನದಲ್ಲಿ ನಿಲ್ಲಿಸಿದ. ಜನರ ಜೀವ ಉಳಿಸಿದ ಮನೆ ತೋಟದ ಅಲಂಕಾರವಾಯಿತು.

ಸಮುದಾಯದ ಹಿಡಿತ ಸಡಿಲಿಸಿದ್ದು ಜ್ವಾಲಾಮುಖಿಯೊಂದೇ ಅಲ್ಲ. ಬಿಸಿನೀರ ಬುಗ್ಗೆಗಳ ಪ್ರದೇಶದ ಭೂಮಿಯ ಮೇಲೆ ಸರ್ಕಾರದ ಹತೋಟಿ ಸ್ಥಾಪಿಸುವ ಕಾಯ್ದೆ 1881ರಲ್ಲಿಯೇ ಬಂದಿತ್ತು. 1901ರಲ್ಲಿ ಸರ್ಕಾರ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ಇಲಾಖೆ ತೆರೆಯಿತು. ಆತಿಥೇಯರಾಗಿದ್ದವರು ಕ್ರಮೇಣ ನೋಟದ ಭಾಗವಾದರು. ಕೆತ್ತನೆ, ಹಾಡು, ಹಕಾ ನೃತ್ಯ ಜಾಹೀರಾತಿನ ಚಿತ್ರಗಳಾದವು.

ಈ ಕಥೆ ತಿರುವು ಪಡೆದ ಉದಾಹರಣೆಯೂ ಅದೇ ದೇಶದಲ್ಲಿದೆ. ದಕ್ಷಿಣ ದ್ವೀಪದ ಕೈಕೌರಾ ಎಂಬ ಕಡಲತೀರದ ಪಟ್ಟಣದಲ್ಲಿ 1980ರ ದಶಕದ ಆರ್ಥಿಕ ಹಿಂಜರಿತ ಮಾವೋರಿಗಳ ಉದ್ಯೋಗಗಳನ್ನು ಕಿತ್ತುಕೊಂಡಿತು. ಕೆಲವು ಕುಟುಂಬಗಳು ತಮ್ಮ ಮನೆಗಳನ್ನು ಅಡವಿಟ್ಟು, 1987ರಲ್ಲಿ ತಿಮಿಂಗಿಲಗಳನ್ನು ತೋರಿಸುವ ದೋಣಿ ಸಂಸ್ಥೆಯನ್ನು ಕಟ್ಟಿದವು. ಇಂದು ಆ ಪಟ್ಟಣ ಜಗತ್ತಿಗೆ ಪರಿಚಿತ. ಅಲ್ಲಿ ಮಾರಾಟವಾಗುತ್ತಿರುವುದು ನಿಸರ್ಗವೇ. ಆದರೆ ವ್ಯವಹಾರದ ಷರತ್ತುಗಳನ್ನು ಬರೆಯುವವರು ಅಲ್ಲಿನವರು. ವ್ಯತ್ಯಾಸವಿರುವುದು ಇಲ್ಲಿಯೇ.

ಟೊಂಗರಿರೊದ ಸಂಗತಿ ಇದಕ್ಕೆ ವ್ಯತಿರಿಕ್ತ. ಅದರ ಪವಿತ್ರ ಶಿಖರಗಳು ಬಿಡಿಬಿಡಿಯಾಗಿ ಪರಭಾರೆಯಾಗದಿರಲೆಂದು ಮಾವೋರಿ ಮುಖಂಡ ಹೊರೊನುಕು ತೆ ಹ್ಯುಹ್ಯು 1887ರಲ್ಲಿ ಅವನ್ನು ರಾಣಿಯ ಸರ್ಕಾರಕ್ಕೆ ಒಪ್ಪಿಸಿದರು. ಅದು ದಾನವಲ್ಲ, ಜೊತೆಯಾಗಿ ಕಾಯುವ ಒಡಂಬಡಿಕೆ ಎಂಬುದು ಮಾವೋರಿಗಳ ನಿಲುವು. 2013ರಲ್ಲಿ ವೈಟಾಂಗಿ ನ್ಯಾಯಮಂಡಳಿಯೂ ಅದನ್ನು ಎತ್ತಿ ಹಿಡಿಯಿತು. ಆದರೂ ಚಲನಚಿತ್ರದಿಂದ ಖ್ಯಾತವಾದ ನೌರುಹೋಯಿ ಶಿಖರವನ್ನು ಏರಬೇಡಿ ಎಂದು ಪ್ರವಾಸಿಗರಿಗೆ ಹೇಳಲು ಅವರಿಗಿರುವುದು ವಿನಂತಿಯ ದಾರಿ ಮಾತ್ರ. ಶಿಖರದ ದಾರಿ ತೋರುವ ಫಲಕಗಳನ್ನು 2017ರಲ್ಲಿ ತೆಗೆಯಲಾಯಿತು. ಏರುವುದಕ್ಕೆ ನಿಷೇಧವಿಲ್ಲ.

ನೆರೆಯ ಆಸ್ಟ್ರೇಲಿಯಾದ ಉಲುರು ಬಂಡೆಯ ಕಥೆ ಬೇರೆ. ಅದರ ಒಡೆತನವನ್ನು 1985ರಲ್ಲಿ ಅಲ್ಲಿನ ಅನಂಗು ಜನರಿಗೆ ಮರಳಿಸಲಾಯಿತು. ಅವರೇ ಬಹುಸಂಖ್ಯಾತರಾಗಿರುವ ಉದ್ಯಾನ ಮಂಡಳಿ ಆರೋಹಣ ನಿಲ್ಲಿಸಲು ನಿರ್ಧರಿಸಿತು. 2019ರ ಅಕ್ಟೋಬರ್ 26ರಿಂದ ಅದು ಜಾರಿಗೆ ಬಂತು. ಪ್ರವಾಸಿಗರು ಬರುವುದು ನಿಲ್ಲಲಿಲ್ಲ, ಏರುವುದು ನಿಂತಿತು. ದಶಕಗಳ ಕಾಲ ಮಾಡಿದ ವಿನಂತಿಗೆ ಸಾಧ್ಯವಾಗದ್ದು ಅಧಿಕಾರಕ್ಕೆ ಸಾಧ್ಯವಾಯಿತು.

ಇದು ದೂರದ ದೇಶಗಳ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಹೋಟೆಲ್ ಕಂಪನಿಯೊಂದು ವಿಶ್ರಾಂತಿಧಾಮ ನಡೆಸಲು ಸರ್ಕಾರ ನೀಡಿದ್ದ ಗುತ್ತಿಗೆಯನ್ನು ಆದಿವಾಸಿಗಳ ಸಂಘಟನೆ ಪ್ರಶ್ನಿಸಿತು. 1997ರಲ್ಲಿ ರಾಜ್ಯ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರವೆಂದು ತೀರ್ಪಿತ್ತಿತು. ಅರಣ್ಯ ಸಂರಕ್ಷಣೆಯ ಹೆಸರಿನಲ್ಲಿ ಕಾಡಿನ ಮಕ್ಕಳನ್ನು ಹೊರಹಾಕುವ ವ್ಯವಸ್ಥೆಯೇ ಸಫಾರಿಯ ಅತಿಥಿಗೆ ಒಳಬಾಗಿಲು ತೆರೆಯುವ ವಿಪರ್ಯಾಸಕ್ಕೆ ಅದು ಸಾಕ್ಷಿ. ಹಳ್ಳಿಯೊಳಗೆ ಹೋಂಸ್ಟೇ, ಹಾಡಿಯೊಳಗೆ ನೃತ್ಯ ಪ್ರದರ್ಶನ ಎಂದು ಯೋಜನೆಗಳನ್ನು ರೂಪಿಸುವವರು ಮೊದಲು ಈ ಪ್ರಶ್ನೆಗೆ ಉತ್ತರಿಸಬೇಕು: ಇದು ಬೇಡವೆಂದು ಹಾಡಿಯವರು ಹೇಳಿದರೆ ಆ ಮಾತು ನಡೆಯುತ್ತದೆಯೇ?

ಪ್ರವಾಸೋದ್ಯಮ ಆದಿಮ ಜನರಿಗೆ ಶಾಪವೆಂಬುದೂ ವರವೆಂಬುದೂ ಅರೆಸತ್ಯ. ದುಡಿಮೆ ತರುವ, ಅಳಿದುಹೋಗುತ್ತಿರುವ ಭಾಷೆ, ಕಸುಬುಗಳಿಗೆ ಜೀವ ತುಂಬುವ ಶಕ್ತಿ ಅದಕ್ಕಿದೆ. ಆ ಶಕ್ತಿ ಒದಗುವುದು ಸಮುದಾಯ ಪಾಲುದಾರನಾದಾಗಲಷ್ಟೇ ಅಲ್ಲ, ಯಜಮಾನನಾದಾಗ. ಆದ್ದರಿಂದ ಶುಲ್ಕದಲ್ಲಿ ಒಂದು ಪಾಲು ಕೊಟ್ಟರೆ ಕರ್ತವ್ಯ ಮುಗಿಯಿತೆಂದು ಯಾವ ಸರ್ಕಾರವೂ ತಿಳಿಯಬಾರದು. ಎಷ್ಟು ಜನ ಬರಬೇಕು, ಎಲ್ಲಿಯವರೆಗೆ ಬರಬೇಕು, ಯಾವುದನ್ನು ನೋಡಬಾರದು ಎಂಬುದನ್ನು ತೀರ್ಮಾನಿಸುವ ಹಕ್ಕು ಕಾನೂನಿನ ಬಲದೊಂದಿಗೆ ಅವರಿಗೆ ದೊರೆಯಬೇಕು. ಬೇಡ ಎನ್ನಲಾಗದವನು ಕೊಡುವ ಸ್ವಾಗತ ಆತಿಥ್ಯವಲ್ಲ, ಊಳಿಗ.