ಮರಕ್ಕೆ ಸರ್ಟಿಫಿಕೇಟು, ನಮಗೆ ಮೂರು ತಲೆಮಾರಿನ ಸಾಕ್ಷಿ



ಹಾಸ್ಟೆಲಿನ ಟ್ರಂಕು ತೆಗೆದು ನಿಮ್ಮ ನೋಟ್‌ಬುಕ್ಕುಗಳ ಹಿಂದಿನ ರಟ್ಟು ನೋಡಿ. ಕೆಲವದರ ಮೇಲೆ ಒಂದು ಪುಟ್ಟ ಮರ, ಅದಕ್ಕೆ ಅಂಟಿದ ಹಾಗೆ ಮೇಷ್ಟ್ರು ಹಾಕೋ ರೈಟ್ ಮಾರ್ಕು ಇರುತ್ತದೆ. ಎಫ್.ಎಸ್.ಸಿ. ಎಂಬ ಸಂಸ್ಥೆಯ ಮುದ್ರೆ ಅದು. ಕಾಡು ಕೆಡಿಸದೆ, ಕೂಲಿಯವನಿಗೆ ಮೋಸ ಮಾಡದೆ ಬಂದ ಕಾಗದ ಇದು ಅಂತ ಅದರ ಮಾತು.

ಅಮೆಜಾನಿನ, ಬೋರ್ನಿಯೋದ ಮಳೆಕಾಡುಗಳು ನೆಲ ಕಚ್ಚುತ್ತಿದ್ದಾಗ, 1993ರಲ್ಲಿ ಹುಟ್ಟಿದ ಸಂಸ್ಥೆ ಇದು. ಆದರೆ ಮುದ್ರೆ ಬಿದ್ದ ಕಾಡಿನ ದೊಡ್ಡ ಪಾಲು ಯುರೋಪು, ಉತ್ತರ ಅಮೆರಿಕದ ಚಳಿ ದೇಶಗಳಲ್ಲಿದೆ. ತಪಾಸಣೆ ಮಾಡುವವನಿಗೆ ದುಡ್ಡು ಕೊಡುವುದು ಯಾರು? ತಪಾಸಣೆಗೆ ಒಳಗಾಗುವ ಕಂಪನಿಯೇ. ಪರೀಕ್ಷೆ ಬರೆಯೋನೇ ಮೇಷ್ಟ್ರಿಗೆ ಸಂಬಳ ಕೊಟ್ಟ ಹಾಗಾಯ್ತು.

ಸುಳ್ಳು ಹೇಳಬಾರದು. ಮುದ್ರೆಯಿಂದ ಒಳ್ಳೇದೂ ಆಗಿದೆ. ಆಫ್ರಿಕದ ಕಾಂಗೋ ಸೀಮೆಯಲ್ಲಿ ಮುದ್ರೆ ಪಡೆದ ಕಂಪನಿಗಳ ಕೂಲಿಗಾರರ ಮನೆ, ನೀರು, ಆಸ್ಪತ್ರೆ ಉಳಿದವರದಕ್ಕಿಂತ ಮೇಲು. ಆನೆಯಂಥ ದೊಡ್ಡ ಪ್ರಾಣಿಗಳೂ ಆ ಕಾಡುಗಳಲ್ಲಿ ಹೆಚ್ಚು ಕಂಡಿವೆ. ಮೆಕ್ಸಿಕೋದಲ್ಲಿ ಲೆಕ್ಕ ಹಾಕಿದವರಿಗೆ ಮಾತ್ರ ಮುದ್ರೆಯಿಂದ ಕಾಡು ನಾಶ ಕಮ್ಮಿಯಾದ ಗುರುತು ಸಿಕ್ಕಲಿಲ್ಲ. ಬ್ರೆಜಿಲಿನಲ್ಲಿ ಮೈಲಿಗಟ್ಟಲೆ ನೀಲಗಿರಿ ತೋಪುಗಳಿಗೂ ಮುದ್ರೆ ಬಿದ್ದಿದೆ.

ನೀಲಗಿರಿ ಅಂದರೆ ನಮಗೆ ಗೊತ್ತಿಲ್ಲದ್ದಾ? ಹರಿಹರ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹೊಳೆಯಾಚೆ ಹರಿಹರ ಪಾಲಿಫೈಬರ್ಸ್. ಅದಕ್ಕೆ ಮರ ಒದಗಿಸಲಿಕ್ಕೆ 1984ರಲ್ಲಿ ಸರ್ಕಾರ ಆ ಕಂಪನಿಯ ಜೊತೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಮಾಡಿತು. ದನ ಮೇಯುವ, ಸೌದೆ ಆರಿಸುವ ಸುಮಾರು 75,000 ಎಕರೆ ಸರ್ಕಾರಿ ಜಮೀನನ್ನು ನೀಲಗಿರಿಗೆ ಕೊಡುವ ಯೋಜನೆ ಅದು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿಹೋಯಿತು. ಅದನ್ನು ಮುಚ್ಚಿಸಿದ್ದು ಜನ. ಯಾವ ಮುದ್ರೆಯೂ ಅಲ್ಲ.

2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನದೇ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆ ತಂದಿದೆ. ತರಲಿ. ನನ್ನ ಪ್ರಶ್ನೆ ಒಂದೇ. ಮರದ ದಿಮ್ಮಿ ಎಲ್ಲಿಂದ ಬಂತು ಅಂತ ಕಾಡಿನಿಂದ ಅಂಗಡಿತನಕ ಲೆಕ್ಕ ಇಡುವ ಈ ದೇಶ, ಮನುಷ್ಯ ಎಲ್ಲಿಂದ ಬಂದ ಅಂತ ಹೇಗೆ ಕೇಳುತ್ತೆ?

2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಅನುಭೋಗ ಸಾಕು. ಅದು ಅವರ ಹಕ್ಕು, ಸರಿಯೇ. ಕಾಡಂಚಿನ ದಲಿತ ಮಾತ್ರ ಇತರೆ ಪಾರಂಪರಿಕ ಅರಣ್ಯವಾಸಿ. ಅವನು ಅದಕ್ಕೂ ಹಿಂದಿನ ಮೂರು ತಲೆಮಾರು, 75 ವರ್ಷ ತೋರಿಸಬೇಕು. ಅಂದರೆ 1930. ಆಗ ದಾಖಲೆ ಬರೆಯುತ್ತಿದ್ದವನು ಶ್ಯಾನುಭೋಗ. ನಮ್ಮ ಮುತ್ತಾತನ ಹೆಸರು ಅವನ ಲೆಕ್ಕಣಿಕೆಗೆ ಮೈಲಿಗೆ!

ನಮ್ಮಜ್ಜಿ ಸೀತಾಫಲ, ತಂಗಡಿ ಬರಲು ಹೊತ್ತು ತಂದು ನಮ್ಮನ್ನ ಸಾಕಿದಳು. ಒಂದು ದಿನ ಗಾರ್ಡು ಕುಡುಗೋಲು ಕಿತ್ಕೊಂಡು, 'ಕಾಡು ನಿಮ್ಮಪ್ಪಂದಾ?' ಅಂದ. ಅಜ್ಜಿ ತಲೆ ತಗ್ಗಿಸಿದಳು. ನಾನು ಹತ್ತು ವರ್ಷದೋನು, ಸುಮ್ಮನೆ ನಿಂತಿದ್ದೆ.

ಇನ್ನು ಸುಮ್ಮನಿರಬೇಕಾಗಿಲ್ಲ. ಅದೇ ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೂ ಸಾಕ್ಷಿಯೇ. ಅರ್ಜಿ ಹೋಗಬೇಕಾದ್ದು ಗ್ರಾಮಸಭೆಗೆ, ಗಾರ್ಡಿನ ಹತ್ತಿರಕ್ಕಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಾಸ್ಟೆಲ್ ಹುಡುಗರೇ, ಹುಡುಗಿಯರೇ, ಈ ರಜೆಗೆ ಊರಿಗೆ ಹೋದಾಗ ಆ ನೋಟ್‌ಬುಕ್ಕನ್ನೇ ಒಯ್ಯಿರಿ. ಕೇರಿಯ ಮುದುಕ ಮುದುಕಿಯರ ಹತ್ತಿರ ಕೂತು, ಯಾವ ಗುಡ್ಡದಲ್ಲಿ ಯಾರು ಉತ್ತರು, ಯಾರು ದನ ಕಾಯ್ದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಎಲ್ಲಾ ಬರೆದುಕೊಳ್ಳಿ. ಹೆಬ್ಬೆಟ್ಟು ಒತ್ತಿಸಿ. ಅರಣ್ಯ ಹಕ್ಕು ಸಮಿತಿಯ ಮುಂದೆ ಇಡಿ. ಆ ಮುದುಕರು ಹೋಗಿಬಿಟ್ಟರೆ ಸಾಕ್ಷಿಯೂ ಹೋಯಿತು. ಬೇಗ ಹೊರಡಿ.

ಜೈ ಭೀಮ್.