ಕಿರ್ದಿಗೊಂದು ಖತಾವಣಿ

ಹಳೆಯ ಜವಳಿ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದಿಡುವುದು ಕಿರ್ದಿ. ಅದನ್ನೇ ಗಿರಾಕಿಗಳ ಹೆಸರಿನ ಪ್ರಕಾರ ವಿಂಗಡಿಸಿ ಬರೆದುಕೊಳ್ಳುವುದು ಖತಾವಣಿ. ಕಿರ್ದಿಯೊಂದೇ ಇದ್ದರೆ, 'ಇಂಥವರ ಬಾಕಿ ಎಷ್ಟು?' ಎಂದು ಕೇಳಿದಾಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿಹಾಕಬೇಕು.

ಬಿಟ್‌ಕಾಯಿನ್‌ನ ಬ್ಲಾಕ್‌ಚೈನ್ ಇಂಥದೊಂದು ಕಿರ್ದಿ. ಅದರ ಮೊದಲ ಪುಟ, ಅಂದರೆ ಮೊದಲ ಬ್ಲಾಕ್, 2009ರ ಜನವರಿ 3ರದು. ಅಂದಿನಿಂದ ಸರಾಸರಿ ಹತ್ತು ನಿಮಿಷಕ್ಕೊಂದು ಪುಟ ಸೇರುತ್ತ ಬಂದು ಈಗ ಗಾತ್ರ 600 ಗಿಗಾಬೈಟ್ ದಾಟಿದೆ. ಇದರ ಪ್ರತಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಪ್ರತಿಯನ್ನು ನೋಡಿಕೊಳ್ಳುವ 'ಬಿಟ್‌ಕಾಯಿನ್ ಕೋರ್' ಎಂಬ ತಂತ್ರಾಂಶ ವಿಳಾಸವಾರು ಖತಾವಣಿ ಇಡುವುದಿಲ್ಲ. ಅದಕ್ಕೆ ಇಂಡೆಕ್ಸರ್ ಎಂಬ ಬೇರೆ ತಂತ್ರಾಂಶ ಬೇಕು. ಬೇರೆಯವರ ಇಂಡೆಕ್ಸರನ್ನೇ ಕೇಳಿದರಾಗದೆ? ಆಗುತ್ತದೆ. ಆದರೆ ಯಾವ ವಿಳಾಸದ ಲೆಕ್ಕ ಯಾರಿಗೆ ಬೇಕಾಗಿದೆ ಎಂಬ ಗುಟ್ಟು ಅವರಿಗೆ ತಿಳಿದುಹೋಗುತ್ತದೆ.

2018ರಲ್ಲಿ ಹೊರಬಂದ 'ಎಲೆಕ್ಟ್ರ್ಸ್' ಇಂಥದೊಂದು ತಂತ್ರಾಂಶ. ಇದರ ಮೂಲ ಬರಹ ಎಲ್ಲರಿಗೂ ಮುಕ್ತ. ಇದರ ಜಾಣತನ ನೋಡುವಂಥದು. ಪ್ರತಿ ವಿಳಾಸಕ್ಕೂ ವ್ಯವಹಾರದ ಪೂರ್ತಿ ವಿವರವನ್ನು ಇದು ಬರೆದುಕೊಳ್ಳುವುದಿಲ್ಲ. ವಿಳಾಸದ ಚುಟುಕು ಗುರುತನ್ನೂ ಅದು ಕಂಡುಬಂದ ಬ್ಲಾಕಿನ ಸಂಖ್ಯೆಯನ್ನೂ ಮಾತ್ರ ಬರೆಯುತ್ತದೆ. ಯಾರಾದರೂ ಕೇಳಿದಾಗ ಆ ಪುಟವನ್ನು ಕಿರ್ದಿಯಿಂದಲೇ ತೆಗೆದು ಓದುತ್ತದೆ. ಹಾಗಾಗಿ ಖತಾವಣಿ ಕಿರ್ದಿಯ ಸುಮಾರು ಹತ್ತನೇ ಒಂದು ಭಾಗದಷ್ಟೇ ಆಗುತ್ತದೆ.

ನಡುವೆ ಒಂದು ತೊಡಕಿದೆ. ಈ ಕಿರ್ದಿಯ ಕೊನೆಯ ಕೆಲವು ಪುಟಗಳು ಒಮ್ಮೊಮ್ಮೆ ರದ್ದಾಗುತ್ತವೆ! 2013ರ ಮಾರ್ಚ್ 11–12ರಂದು ಹಾಗಾಯಿತು. ತಂತ್ರಾಂಶದ 0.8ನೇ ಆವೃತ್ತಿ ಹೊಸ ದತ್ತಸಂಗ್ರಹಕ್ಕೆ ಬದಲಾಗಿತ್ತು. ಅದು ಒಪ್ಪಿದ ದೊಡ್ಡ ಬ್ಲಾಕೊಂದನ್ನು ಹಳೆಯ ಆವೃತ್ತಿಗಳು ನಿರಾಕರಿಸಿದವು. ಸರಪಳಿ ಎರಡಾಯಿತು. ಕೆಲವು ಗಂಟೆಗಳ ನಂತರ ಹೊಸ ಕವಲನ್ನು ಬಿಟ್ಟುಕೊಟ್ಟು ಎಲ್ಲರೂ ಹಳೆಯದಕ್ಕೆ ಮರಳಬೇಕಾಯಿತು. ಆ ಗೊಂದಲದಲ್ಲಿ ಒಂದು ದೊಡ್ಡ ಮೊತ್ತ ಎರಡು ಬಾರಿ ಖರ್ಚಾಯಿತು. 'ಆಗುತ್ತದೋ ನೋಡೋಣ' ಎಂದು ಯಾರೋ ಮಾಡಿದ ಪರೀಕ್ಷೆ ಅದು! ಇಂಥ ಹೊತ್ತಿನಲ್ಲಿ ರದ್ದಾದ ಪುಟಗಳನ್ನು ಅಳಿಸದ ಖತಾವಣಿಯನ್ನು ನಂಬಿದವರು, ಬಾರದ ಹಣ ಬಂದಿದೆಯೆಂದು ಸರಕು ಕೊಟ್ಟು ಕಳಿಸಿಯಾರು.

ತಪ್ಪನ್ನು ಹಿಡಿಯುವ ಉಪಾಯ ಸರಳ. ಪ್ರತಿ ಬ್ಲಾಕಿನಲ್ಲೂ ಹಿಂದಿನ ಬ್ಲಾಕಿನ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ಹೊಸದಾಗಿ ಬಂದ ಬ್ಲಾಕಿನಲ್ಲಿರುವ ಆ ಸಂಖ್ಯೆ, ತಾನು ಕೊನೆಗೆ ಬರೆದುಕೊಂಡ ಬ್ಲಾಕಿಗೆ ತಾಳೆಯಾಗದಿದ್ದರೆ ಇಂಡೆಕ್ಸರ್ ತಾಳೆಯಾಗುವವರೆಗೆ ಹಿಂದಕ್ಕೆ ನಡೆದು ಮತ್ತೆ ಬರೆಯತೊಡಗುತ್ತದೆ.

ಹಣದ ಮಾತು ಬಂದೊಡನೆ ತಂದೆತಾಯಿಯರು ಹುಬ್ಬು ಗಂಟಿಕ್ಕುವುದು ಸಹಜ, ಸರಿಯೂ ಹೌದು. ಬಿಟ್‌ಕಾಯಿನ್ ಬೆಲೆಯ ಏರಿಳಿತ ಜೂಜಿನ ನೆನಪು ತರುವಂಥದೇ. ಆದರೆ ಈ ಖತಾವಣಿ ಬರೆಯಲು ಒಂದು ನಾಣ್ಯವನ್ನೂ ಕೊಳ್ಳಬೇಕಿಲ್ಲ, ಯಾರ ಗುಪ್ತ ಕೀಲಿಯೂ ಬೇಕಿಲ್ಲ. ಇಂಥ ತಂತ್ರಾಂಶದ ಹೆಸರಿನಲ್ಲಿ ಕೀಲಿ ಕೇಳುವವರು ಮೋಸಗಾರರೇ. ನಿಜವಾದ ಖರ್ಚು ಡಿಸ್ಕಿನದು, ಜೊತೆಗೆ ಮೊದಲ ಬಾರಿ ಪೂರ್ತಿ ಕಿರ್ದಿ ಇಳಿಸಿಕೊಳ್ಳಲು ಬೇಕಾದ ಅಂತರಜಾಲದ್ದು. ನಡುವೆ ಕರೆಂಟು ಹೋದರೆ ಕೆಲವೊಮ್ಮೆ ದತ್ತಸಂಗ್ರಹ ಕೆಟ್ಟು ಮೊದಲಿನಿಂದ ಶುರುಮಾಡಬೇಕಾಗುವುದೂ ಉಂಟು. ಯುಪಿಎಸ್ ಇದ್ದರೆ ಒಳಿತು.

ಕಲಿಯುವ ವಿದ್ಯಾರ್ಥಿಗೆ ಅಷ್ಟೆಲ್ಲ ಬೇಡ. ಬಿಟ್‌ಕಾಯಿನ್ ಕೋರ್‌ನಲ್ಲಿ 'ರೆಗ್‌ಟೆಸ್ಟ್' ಎಂಬ ಪ್ರಯೋಗಶಾಲೆಯಿದೆ. ಅಲ್ಲಿ ಸ್ವಂತ ಕಂಪ್ಯೂಟರಿನೊಳಗೇ ಪುಟ್ಟ ಸರಪಳಿ ಹುಟ್ಟುತ್ತದೆ. ಹತ್ತು ನಿಮಿಷ ಕಾಯದೆ, ಹೇಳಿದ ತಕ್ಷಣ ಬ್ಲಾಕುಗಳು ಬರುತ್ತವೆ. ಹತ್ತಿಪ್ಪತ್ತು ಬ್ಲಾಕು ಮಾಡಿ, 'ಇನ್‌ವ್ಯಾಲಿಡೇಟ್‌ಬ್ಲಾಕ್' ಎಂಬ ಆಜ್ಞೆಯಿಂದ ಕೊನೆಯ ಮೂರನ್ನು ರದ್ದುಮಾಡಿ, ಬೇರೆ ನಾಲ್ಕನ್ನು ಸೇರಿಸಿ ಖತಾವಣಿಯ ಮೊತ್ತ ಸರಿಯಿದೆಯೇ ಎಂದು ನೋಡಬಹುದು. ಸರಿಯಿಲ್ಲದಿದ್ದರೆ ಆವೃತ್ತಿಯ ಸಂಖ್ಯೆ, ಕೊಟ್ಟ ಆಜ್ಞೆಗಳು, ಬಂದ ಉತ್ತರ ಇಷ್ಟನ್ನೂ ಕ್ರಮವಾಗಿ ಬರೆದು ತಂತ್ರಾಂಶದವರಿಗೆ ಕಳಿಸಿದರೆ, ಅದೇ ಆ ವಿದ್ಯಾರ್ಥಿಯ ಮೊದಲ ಕೊಡುಗೆ.